ಮಂಡಿಯ ಮೇಲೆ ನಾಲ್ಕು ಇಂಚು

ನಮ್ಮಪ್ಪ ಪ್ಯಾಂಟ್ ಮಾಸ್ಟರ್. ಪ್ಯಾಂಟ್ ಬಿಟ್ಟು ಬೇರೇನನ್ನೂ ಹೊಲಿಯುವುದಿಲ್ಲ; ಹೊಲಿದರೆ ಮರ್ಯಾದೆ ಹೋಗುತ್ತದಂತೆ. ಒಂಬತ್ತು ವರ್ಷದಿಂದ ನಾನು ಅವನ ಅಂಗಡಿಯಲ್ಲಿ ಕಾಜಾ ಮಾಡಿದ್ದೇನೆ, ಗುಂಡಿ ಹಾಕಿದ್ದೇನೆ, ಮಿಷನ್ ತುಳಿದಿದ್ದೇನೆ. ಬಟ್ಟೆ ಕತ್ತರಿಸಲು ಮಾತ್ರ ಬಿಟ್ಟಿಲ್ಲ. "ಹೊಲಿಗೆ ತಪ್ಪಿದ್ರೆ ಬಿಚ್ಚಬಹುದು. ಕತ್ತರಿ ತಪ್ಪಿದ್ರೆ ಏನ್ಮಾಡ್ತೀಯ?" ಎನ್ನುತ್ತಾನೆ. ಇದನ್ನು ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿದೆ.

ಬೇಸಿಗೆ ಶುರುವಾದಾಗ ಈಜು ಕಲಿಸುವ ಮೇಷ್ಟರು ಬಂದು ಎರಡು ಶಾರ್ಟ್ಸ್ ಬೇಕೆಂದರು, ಮಂಡಿಯಿಂದ ನಾಲ್ಕು ಇಂಚು ಮೇಲೆ. ಅವರು ಹೋಗುವವರೆಗೂ ತಡೆದುಕೊಂಡಿದ್ದ ಅಪ್ಪ ಆಮೇಲೆ ಮುಖ ಸಿಂಡರಿಸಿದ.

"ಚಡ್ಡಿ ತಾನೇ? ನೀನೇ ಕತ್ತರಿಸ್ಕೋ."

ಇದು ಬಡ್ತಿಯೋ ಅವಮಾನವೋ ತಿಳಿಯಲಿಲ್ಲ. ತಿಳಿಯುವ ಮೊದಲೇ ಕತ್ತರಿ ಎತ್ತಿಕೊಂಡೆ. ಇದು ಸರಿಹೋದರೆ ಮುಂದೆ ಪ್ಯಾಂಟಿನ ಬಟ್ಟೆಯೂ ನನ್ನ ಕೈಗೆ ಬಂದೀತು. ಕೆಟ್ಟರೆ ಇನ್ನೊಂಬತ್ತು ವರ್ಷ ಕಾಜಾ.

ಅಪ್ಪನ ಪ್ಯಾಂಟಿನ ರಟ್ಟಿನ ಪ್ಯಾಟರ್ನನ್ನು ಕಾಗದದ ಮೇಲಿಟ್ಟು ಗೆರೆ ಎಳೆದೆ. ಮಂಡಿಗಿಂತ ನಾಲ್ಕು ಇಂಚು ಮೇಲೆ ನಿಲ್ಲಿಸಿ, ಅಂಚು ಮಡಿಸಲು ಎರಡು ಇಂಚು ಬಿಟ್ಟೆ. ಹಳೆಯ ಹೊದಿಕೆಯಲ್ಲಿ ಒಂದು ಮಾದರಿ ಹೊಲಿದದ್ದೂ ಆಯಿತು. ಮೇಷ್ಟರ ಸೊಂಟ, ಅಪ್ಪನ ಸೊಂಟ ಒಂದೇ ಅಳತೆ.

"ಹಾಕ್ಕೊಂಡು ನೋಡಪ್ಪಾ."

"ನನ್ನ ಮಂಡಿ ನಿಮ್ಮಮ್ಮನೇ ಸರಿಯಾಗಿ ನೋಡಿಲ್ಲ ಕಣೇ!"

ಇಷ್ಟೆಲ್ಲ ಬಿಂಕ ಮಾಡಿದವನು ಕೊನೆಗೆ ಪರದೆಯ ಹಿಂದೆ ಹೋಗಿ ಹಾಕಿಕೊಂಡು ಬಂದ. ಪಾಪ, ಬಿಸಿಲನ್ನೇ ಕಾಣದ ಮಂಡಿಗಳು ಮೂಲಂಗಿಯಂತೆ ಬೆಳ್ಳಗಿದ್ದವು. ಸ್ಟೂಲಿನ ಮೇಲೆ ಕೂತದ್ದೇ ತಡ, ಅಂಚು ತೊಡೆಯನ್ನು ಬಿಗಿಯಾಗಿ ಹಿಡಿದುಕೊಂಡಿತು.

"ಅಯ್ಯೋ, ಕಾಲಲ್ಲಿ ರಕ್ತಾನೇ ಓಡ್ತಿಲ್ಲ. ತಾ ಇಲ್ಲಿ ಆ ಕತ್ತರಿ."

"ಕೊಡಲ್ಲ. ತಪ್ಪೆಲ್ಲಿದೆ ಅಂತ ನಾನೇ ಹುಡುಕ್ತೀನಿ."

ಪ್ಯಾಂಟಿನ ಕಾಲು ಕೆಳಗೆ ಹೋದಂತೆ ಕಿರಿದಾಗುತ್ತದೆ. ಮಡಿಸಲು ಬಿಟ್ಟ ಬಟ್ಟೆಯನ್ನೂ ನಾನು ಹಾಗೇ ಕಿರಿದು ಮಾಡಿದ್ದೆ. ಮೇಲಕ್ಕೆ ಮಡಿಸಿದಾಗ ಅದು ತೊಡೆಯ ಅಗಲಕ್ಕೆ ಸಾಲದೆ ಎಳೆದು ಹಿಡಿದಿತ್ತು. ಈ ಸಲ ಕಾಗದವನ್ನು ಮೊದಲು ಮಡಿಸಿಕೊಂಡು ಆಮೇಲೆ ಪಕ್ಕದ ಗೆರೆ ಕತ್ತರಿಸಿದೆ, ಕಾಲಿಗೆ ಒಂದಿಂಚು ಸಡಿಲವನ್ನೂ ಕೊಟ್ಟೆ. ಎರಡನೆಯ ಮಾದರಿ ಹಾಕಿಕೊಂಡ ಅಪ್ಪ ಕೂತ, ಎದ್ದ, ಮತ್ತೆ ಕೂತು ಫ್ಯಾನಿನ ಕಡೆಗೆ ಕಾಲು ಚಾಚಿದ. ಚೆನ್ನಾಗಿದೆ ಅನ್ನಲಿಲ್ಲ. ಬಿಚ್ಚಲೂ ಇಲ್ಲ.

ಆಗಲೇ ನಮ್ಮ ಹಳೇ ಗಿರಾಕಿ ವಕೀಲರು ದುಬಾರಿ ಕಪ್ಪು ಬಟ್ಟೆ ಹಿಡಿದು ಬಂದರು. ಅಪ್ಪ ಸ್ಟೂಲಿನ ಸಮೇತ ಮೇಜಿನ ಹಿಂದೆ ಸರಿದ. ಅಳತೆಯೇನೋ ನಮ್ಮ ಪುಸ್ತಕದಲ್ಲೇ ಇದೆ, ಆದರೆ ವಕೀಲರದ್ದೊಂದು ಹಟ: ಬಟ್ಟೆಯನ್ನು ಅವರ ಕಣ್ಣೆದುರಿಗೇ ಕತ್ತರಿಸಬೇಕು.

"ಏಳಿ ಮಾಸ್ಟ್ರೇ, ನಂಗೆ ಕೋರ್ಟಿಗೆ ಹೊತ್ತಾಯ್ತು."

ಅಪ್ಪ ಬೆವೆತುಹೋದ. ನಾನು ಬೇಕೆಂದೇ ಸುಮ್ಮನಿದ್ದೆ. ನಾಚಿಕೆಯಿಂದಾದರೂ ಆ ಬಟ್ಟೆ ನನ್ನ ಪಾಲಿಗೆ ಬರಲಿ ಎಂಬ ಆಸೆ, ಸುಳ್ಳೇಕೆ ಹೇಳಲಿ.

ಅಪ್ಪ ಎದ್ದೇಬಿಟ್ಟ! ಬರಿಗಾಲು, ಬರಿಮಂಡಿಯಲ್ಲೇ ಮೇಜು ಸುತ್ತಿ ಬಂದ. ತೆರೆದ ಬಾಯನ್ನು ವಕೀಲರು ಮುಚ್ಚಲಿಲ್ಲ. ಮುಗಿಯಿತು, ಇವನು ಮಾನವನ್ನಾದರೂ ಬಿಟ್ಟಾನು, ಕತ್ತರಿ ಬಿಡುವವನಲ್ಲ. ಅಪ್ಪ ಬಟ್ಟೆ ಹಾಸಿದ, ಸುಕ್ಕು ಬಿಡಿಸಿದ, ಎರಡೂ ಅಂಗೈಗಳಿಂದ ಅದನ್ನು ಮೇಜಿಗೆ ಅದುಮಿ ಹಿಡಿದು ನನ್ನತ್ತ ನೋಡಿದ.

"ಗೆರೆ ಎಳೆದು ಕತ್ತರಿಸು."

"ಇವಳಾ?" ಎಂದರು ವಕೀಲರು. ಅವರ ಕಣ್ಣು ಮಾತ್ರ ಅಪ್ಪನ ಮಂಡಿಯ ಮೇಲೇ ಇತ್ತು.

"ಹೂಂ, ಇವಳೇ. ನನ್ನ ಮಂಡಿ ಆಮೇಲೆ ನೋಡೋರಂತೆ. ಈಗ ಅವಳ ಕೈ ನೋಡಿ."

ನನ್ನ ಕಣ್ಣು ತುಂಬಿ ಬಂತು. ಗೆರೆ ಕಾಣಬೇಕಲ್ಲ, ಒರೆಸಿಕೊಂಡು ಸೀಮೆಸುಣ್ಣ ಎತ್ತಿಕೊಂಡೆ.