ಬ್ರೇಕಿನ ತಟ್ಟೆಗಿಟ್ಟ ಬೊಟ್ಟು

ಎಲ್ಲಿಂದ ಶುರು ಮಾಡಲಿ? ‘ಸರ್ರ್’ ಎಂಬ ಶಬ್ದದಿಂದಲೇ ಮಾಡೋಣವೆಂದರೆ, ಅಷ್ಟಕ್ಕೇ ಬೇಸತ್ತು ನೀವು ಫೋನ್ ಕೈಗೆತ್ತಿಕೊಳ್ಳುತ್ತೀರಿ. ನಿಮ್ಮನ್ನು ನಾನು ಬಲ್ಲೆ.

೧. ಕೊಡಿಗೇಹಳ್ಳಿಯ ಶಾಂತಲಾ ಭಾನುವಾರ ಮತ್ತಿಕೆರೆಯ ಗೆಳತಿಯರ ಜೊತೆ ನಂದಿಬೆಟ್ಟಕ್ಕೆ ಸೈಕಲ್ ತುಳಿಯಬೇಕು. ಮದುವೆಯಾದ ಮೇಲೆ ಮನೆಯವರನ್ನು ಬಿಟ್ಟು ಅವಳು ಎಲ್ಲಿಗಾದರೂ ಹೊರಟಿರುವುದು ಇದೇ ಮೊದಲು. ಆದರೆ ಆಯುಧಪೂಜೆಯ ಮರುದಿನದಿಂದ ಅವಳ ಮೌಂಟನ್ ಬೈಕಿನ ಮುಂದಿನ ಚಕ್ರ ಎಲ್ಲೋ ಉಜ್ಜುತ್ತಿದೆ. ಗಂಡ ಶರತ್ (ಬಿಲ್ಡರ್, ಎರಡು ಜೆಸಿಬಿ, ಒಂದು ಹೊಟ್ಟೆ) ತೀರ್ಪು ಕೊಟ್ಟಾಗಿದೆ: “ಶಬ್ದ ಬರೋ ಗಾಡೀಲಿ ಬೆಟ್ಟ ಹತ್ತೋದೇನ್ ಬೇಡ. ಇನ್ನೊಂದ್ ಸಲ ನೋಡೋಣ.”

(ಇನ್ನೊಂದು ಸಲ ಎಂದರೆ ಯಾವಾಗ ಎಂದು ಮದುವೆಯಾದವರಿಗೆ ವಿವರಿಸಬೇಕಿಲ್ಲ.)

೨. ಉಜ್ಜುತ್ತಿರುವುದು ಚಕ್ರವಲ್ಲ, ದಾಂಪತ್ಯ ಎಂದು ಬರೆದೆ. ಬಹಳ ಚೆನ್ನಾಗಿ ಬಂದಿತ್ತು. ಶಾಂತಲಾ ಓದಿ, “ಸಾರ್, ಸಿಂಬಲ್ ಎಲ್ಲಾ ಆಮೇಲೆ. ಮೊದ್ಲು ಹ್ಯಾಂಡಲ್ ಸ್ವಲ್ಪ ಎತ್ತಿ ಹಿಡ್ಕೊಳ್ಳಿ” ಎಂದಳು. ಹಿಡಿದುಕೊಂಡೆ.

೪. (ಮೂರನ್ನು ಹರಿದು ಹಾಕಿದ್ದೇನೆ. ಅದರಲ್ಲಿ ಶರತ್ ಬೇಕೆಂದೇ ಚಕ್ರ ಸಡಿಲಿಸಿದ್ದ. “ಅಷ್ಟೊಂದ್ ತಲೆ ಅವ್ರಿಗೆಲ್ಲಿದೆ ಸಾರ್?” ಎಂದು ಶಾಂತಲಾ ನಕ್ಕುಬಿಟ್ಟಳು.)

ಅವಳು ಚಕ್ರವನ್ನು ಬೆರಳಲ್ಲಿ ಮೆಲ್ಲಗೆ ತಿರುಗಿಸಿದಳು. ಟೈರು ಎಲ್ಲೂ ತಾಗುತ್ತಿರಲಿಲ್ಲ. ಆಕ್ಸಲ್ ಬಿಗಿಯಾಗಿತ್ತು. ಆದರೂ ಸುತ್ತಿಗೊಮ್ಮೆ, ಅದೇ ಜಾಗದಲ್ಲಿ, ಸರ್ರ್. ಅಲ್ಲೇ ನಿಲ್ಲಿಸಿ ಬಗ್ಗಿ ನೋಡಿದಳು. ಡಿಸ್ಕ್ ಬ್ರೇಕಿನ ತಟ್ಟೆಯ ಮೇಲೆ ಅರಿಶಿನ ಕುಂಕುಮ ಸಿಮೆಂಟಿನಂತೆ ಒಣಗಿ ಕೂತಿತ್ತು. ಇಟ್ಟವರು ಅತ್ತೆ ಕೃಷ್ಣಮ್ಮ. ದುಂಡಗೆ ಹೊಳೆಯುವ ತಟ್ಟೆ ಕಂಡರೆ ಬೊಟ್ಟಿಡದೆ ಮುಂದೆ ಹೋಗುವ ಕೈಯಲ್ಲ ಅದು.

ಒರೆಸಿದರೆ ಮುಗಿಯಿತು. ಶಾಂತಲಾ ಒದ್ದೆ ಬಟ್ಟೆಯನ್ನೂ ತಂದಳು.

“ಅಮ್ಮ ಇಟ್ಟಿರೋ ಕುಂಕುಮ ಒರೆಸ್ತೀಯಾ? ಮುತ್ತೈದೆ ಮಾಡೋ ಕೆಲ್ಸನಾ ಅದು?” ಎಂದ ಶರತ್.

ಅವನ ಇನ್ನೋವಾ ಪೂಜೆಯ ಮಾರನೇ ದಿನವೇ ವಾಟರ್ ವಾಶ್‌ಗೆ ಹೋಗಿ ಬೋಳಾಗಿ ಬಂದಿತ್ತು. ಆಗ ಮುತ್ತೈದೆತನದ ಮಾತೇ ಎದ್ದಿರಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಶಾಂತಲಾ ಬಟ್ಟೆ ಕೆಳಗಿಟ್ಟಳು.

೫. ಅಂತ್ಯಗಳು. ಬೇಕಾದ್ದು ಆರಿಸಿಕೊಳ್ಳಿ.

ಅ) ಒರೆಸುತ್ತಾಳೆ, ಮನೆಯಲ್ಲಿ ರಂಪ. (ಧಾರಾವಾಹಿಗೆ ಆದೀತು.)

ಆ) ಒರೆಸುವುದಿಲ್ಲ. (ನಿಮ್ಮ ಮನೆಯಲ್ಲಿ ಆಗುವುದೇ ಇದು.)

ಇ) ಕೃಷ್ಣಮ್ಮನವರೇ ಸೆರಗಿನಿಂದ ಒರೆಸಿ, ಸೊಸೆಯ ತಲೆ ಸವರಿ ಕಳಿಸುತ್ತಾರೆ. (ಪ್ರಶಸ್ತಿ ಖಚಿತ.)

ಮೂರನೆಯದನ್ನೇ ಬರೆಯಲು ಕೂತೆ. ಕೃಷ್ಣಮ್ಮ ಹೂ ಕಟ್ಟುತ್ತಲೇ ತಲೆ ಎತ್ತಿದರು. “ನಾನ್ ಯಾಕಪ್ಪ ಒರೆಸ್ಲಿ? ಮನೇಲಿ ಇಂಗ್ ಜಗಳ ತಂದಿಟ್ಟೋನು ನೀನು. ಅಷ್ಟು ಸಂಕಟ ಆದ್ರೆ ನೀನೇ ಒರ್ಸು. ನೀನೇನ್ ಮುತ್ತೈದೆನಾ?”

ನಾನು ಪೆನ್ನಿನ ಮುಚ್ಚಳ ಹಾಕಿದೆ. ಒದ್ದೆ ಬಟ್ಟೆ ಇನ್ನೂ ಅಲ್ಲೇ ಬಿದ್ದಿತ್ತು.

೬. ಭಾನುವಾರ ಬೆಳಿಗ್ಗೆ ಗೇಟು ಕಿರ್ ಎಂದಿತು. ಆಮೇಲೆ ಬೀದಿಯಲ್ಲಿ ಯಾವ ಶಬ್ದವೂ ಇರಲಿಲ್ಲ.

ಶರತ್ ಲುಂಗಿಯಲ್ಲೇ ಈಚೆ ಬಂದ. “ಏನ್ ಸಾರ್, ಶಾಂತಲಾ ಎಲ್ಲಿ? ಹೋಗ್ಬಿಟ್ಲಾ?”

“ಅದನ್ನಿನ್ನೂ ಬರೆದಿಲ್ಲ ಕಣ್ರೀ” ಎಂದೆ, ಕೆಂಪಾಗಿದ್ದ ಬೆರಳುಗಳನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು.