ಹತ್ತು ಅಂಕದ ಉತ್ತರ

ನಲ್ಲಿಯಲ್ಲಿ ನೀರು ಬಂದು ಹತ್ತು ನಿಮಿಷವೂ ಆಗಿರಲಿಲ್ಲ. ಮೂರನೆಯ ಕೊಡ ಅರ್ಧ ತುಂಬಿತ್ತು. ಅಷ್ಟರಲ್ಲಿ ಮನೆಯ ಒಡತಿ ಕಸ್ತೂರಮ್ಮ ಮಹಡಿಯಿಂದ ಇಳಿದು ಬಂದರು. ಕಂಕುಳಲ್ಲಿ ಎರಡು ಸೀರೆ ಇದ್ದವು.

"ಸುನೀತಾ, ನಿನ್ನ ಫಾಲ್ ಹಚ್ಚೋ ಹೆಂಗ್ಸು ಎಲ್ಲಿ ಹೋದ್ಲೇ? ವರ್ಷ ಆಗಾಕ ಬಂತು. ಸೊಸಿ ಸೀಮಂತದ ಸೀರೆ ಹಂಗೇ ಕುಂತೈತೆ."

"ಆಕಿಗೆ ಹುಷಾರಿರಲಿಲ್ಲ ಅಮ್ಮಾ."

"ಹುಷಾರಿಲ್ದಿದ್ರೆ ಫೋನೂ ಇಲ್ಲೇನು? ತಿಂಗಳಿಗೊಮ್ಮೆ ಬಂದು ನಿಮ್ಮನಿಯಾಗೆ ಎರಡು ತಾಸು ಕುಂದ್ರೋಳು. ಒಂದು ಸೀರಿಗೆ ಎರಡು ತಾಸಿನ ಮಾತು! ನಾನೂ ನೋಡ್ತಿದ್ದೆ ಬಿಡು."

ಕೊಡ ತುಂಬಿ ನೀರು ನನ್ನ ಪಾದದ ಮೇಲೆ ಹರಿಯಿತು. ನಾನು ಸೀರೆಗಳನ್ನು ತೆಗೆದುಕೊಂಡು, "ಇವತ್ತೇ ಕೊಟ್ಟು ಬರ್ತೀನಿ" ಎಂದೆ.

ನಸೀಮಾ ಫಾಲ್ ಹಚ್ಚುವವಳಲ್ಲ. ಹರಿಹರದ ಒಂದು ಸಣ್ಣ ಸಂಸ್ಥೆಯಲ್ಲಿ, ಎಚ್‌ಐವಿ ಇರುವ ಮಕ್ಕಳ ಆಪ್ತಸಮಾಲೋಚಕಿಯಾಗಿದ್ದಳು. ಮನೆಗೆ ಬರುವಾಗ ಅಕ್ಕಪಕ್ಕದವರು ಅನುಮಾನ ಪಡಬಾರದೆಂದು ಪ್ರತಿ ಸಲ ಒಂದು ಸೀರೆ ಒಯ್ಯುತ್ತಿದ್ದಳು, ಇನ್ನೊಂದು ತಂದುಕೊಡುತ್ತಿದ್ದಳು. ಅಷ್ಟಕ್ಕಾಗಿಯೇ ಫಾಲ್ ಹಚ್ಚುವುದನ್ನು ಕಲಿತಿದ್ದಳು. ದಾವಣಗೆರೆಯಲ್ಲಿದ್ದ ನಾನು ಹರಿಹರದ ಸಂಸ್ಥೆಗೆ ಹೆಸರು ಕೊಟ್ಟಿದ್ದೂ ಅದೇ ಕಾರಣಕ್ಕೆ. ಹರಿಹರದವರು ಇದಕ್ಕಾಗಿ ದಾವಣಗೆರೆಗೆ ಬರುತ್ತಾರೆ, ನಾವು ಅಲ್ಲಿಗೆ ಹೋಗುತ್ತೇವೆ. ಹಾದಿಯಲ್ಲಿ ಎರಡು ಬಸ್ಸುಗಳು ಎದುರಾದರೆ ಕಿಟಕಿಯಲ್ಲಿ ಯಾರೂ ಯಾರನ್ನೂ ನೋಡುವುದಿಲ್ಲ ಎಂದು ನಸೀಮಾ ನಗುತ್ತಿದ್ದಳು.

ಸೋಂಕು ನನಗೆ ಗಂಡನಿಂದ ಬಂತು, ಮಗಳಿಗೆ ನನ್ನಿಂದ. ಅವರು ತೀರಿಕೊಂಡು ಐದು ವರ್ಷ. ಕೃತಿಕಾಗೆ ಈಗ ಹನ್ನೊಂದು. ಬೆಳಿಗ್ಗೆ ಎಂಟಕ್ಕೆ ಶಾಲೆಯ ಚೀಲ ಹೆಗಲಿಗೇರಿಸಿಕೊಂಡೇ ಮಾತ್ರೆ ನುಂಗುತ್ತಾಳೆ. ಮಾತ್ರೆ ನಮ್ಮ ಸರ್ಕಾರದ ಆಸ್ಪತ್ರೆಯಲ್ಲಿ ಸಿಗುತ್ತದೆ, ಅದು ನಿಂತಿಲ್ಲ. ಆದರೆ ಅದು ಯಾವುದರ ಮಾತ್ರೆ ಎಂದು ಅವಳಿಗೆ ಇನ್ನೂ ಗೊತ್ತಿಲ್ಲ.

ಮಕ್ಕಳಿಗೆ ಇದನ್ನು ಮೂರು ಹಂತಗಳಲ್ಲಿ ಹೇಳಬೇಕು ಎಂದು ನಸೀಮಾಗೆ ತರಬೇತಿಯಲ್ಲಿ ಕಲಿಸಿದ್ದರು. ರಕ್ತದಲ್ಲೊಂದು ಕ್ರಿಮಿ ಮಲಗಿದೆ, ಮಾತ್ರೆ ತಪ್ಪಿಸಿದರೆ ಅದು ಏಳುತ್ತದೆ ಎಂಬುದು ಮೊದಲನೆಯದು. ಅದು ಮುಟ್ಟಿದರೆ, ಜೊತೆಗೆ ಉಂಡರೆ ಯಾರಿಗೂ ಹರಡುವುದಿಲ್ಲ, ಬಂದದ್ದು ಯಾರ ತಪ್ಪೂ ಅಲ್ಲ ಎಂಬುದು ಎರಡನೆಯದು. ಮೂರನೆಯದು, ಅದರ ಹೆಸರು. ಎರಡು ಹಂತ ಮುಗಿದಿದ್ದವು. ಮೂರನೆಯದಕ್ಕೆ ಫೆಬ್ರುವರಿಯ ಒಂದು ಶನಿವಾರ ಗೊತ್ತುಮಾಡಿದ್ದೆವು. ಜನವರಿಯ ಕೊನೆಯ ವಾರ ಅಮೆರಿಕದಲ್ಲಿ ಹೊಸ ಸರ್ಕಾರ ಹೊರದೇಶಗಳಿಗೆ ಕೊಡುವ ನೆರವನ್ನು ತಡೆಹಿಡಿಯಿತು. ಸಂಸ್ಥೆ ನಡೆಯುತ್ತಿದ್ದುದು ಆ ನೆರವಿನಿಂದ. ಆ ಶನಿವಾರ ನಸೀಮಾ ಬರಲಿಲ್ಲ.

ನಾನೇ ಹೇಳಬಹುದಿತ್ತು. ಎಷ್ಟೋ ಬೆಳಿಗ್ಗೆ ಅವಳ ಜಡೆ ಹಾಕುತ್ತಾ, ಇವತ್ತು ಹೇಳುತ್ತೇನೆ ಎಂದುಕೊಂಡೆ. ಮುಖ ಕಾಣುವುದಿಲ್ಲ, ಬೆನ್ನು ಮಾತ್ರ ಕಾಣುತ್ತದೆ, ಸುಲಭ ಎನಿಸುತ್ತಿತ್ತು. ಜಡೆ ಮುಗಿಯುತ್ತಿತ್ತು, ಮಾತು ಹೊರಡುತ್ತಿರಲಿಲ್ಲ.

ಹರಿಹರದ ಬಸ್ಸಿನಲ್ಲಿ ಕೂತಿದ್ದಾಗ ಶಿವಮೂರ್ತಪ್ಪನವರ ಫೋನ್ ಬಂತು. ಅವರದು ಮಂಡಿಪೇಟೆಯಲ್ಲಿ ಗೈಡ್ ಅಚ್ಚುಹಾಕುವ ಪ್ರೆಸ್ಸು. ರಾಜ್ಯಶಾಸ್ತ್ರದಲ್ಲಿ ಎಂ.ಎ. ಮಾಡಿರುವ ನಾನು ಅವರಿಗೆ ಬಿ.ಎ. ಹುಡುಗರ ಪ್ರಶ್ನೋತ್ತರ ಬರೆದುಕೊಡುತ್ತೇನೆ, ಅನ್ನಕ್ಕಿಟ್ಟು ಒಂದು ಪುಟ, ಬಟ್ಟೆ ನೆನೆಹಾಕಿ ಒಂದು ಪುಟ.

"ಮೇಡಮ್ಮಾರೆ, ಎಂಟನೇ ಘಟಕ ಎಲ್ಲಿಗೆ ಬಂತು? ಅದೇ, ಅಮೆರಿಕದ ಸಂಪ್ರದಾಯವಾದ."

"ಮುಗಿಯಾಕ ಬಂದೈತ್ರಿ. ಅದು ಯಾಕ ಬೆಳೀತು ಅಂತ ಬಿಡಿಸಿ ಬರೀತಿದೀನಿ."

"ಯಾಕ ಅನ್ನೋದು ಯಾರಿಗೆ ಬೇಕ್ರಿ! ಹತ್ತು ಅಂಕಕ್ಕೆ ಹತ್ತು ಪಾಯಿಂಟ್ ಕೊಡ್ರಿ ಸಾಕು. ನಮ್ಮ ಹುಡುಗ್ರು ಅಮೆರಿಕ ಉದ್ಧಾರ ಮಾಡಾಕ ಹೊಂಟಿಲ್ಲ, ಪಾಸಾಗಾಕ ಹೊಂಟಾರೆ. ಸೋಮವಾರ ಬೆಳಿಗ್ಗೆ ಬೇಕು."

ಒಂಬತ್ತು ಪಾಯಿಂಟ್ ಆಗಿತ್ತು. ೧೯೬೪ರ ಚುನಾವಣೆಯಲ್ಲಿ ಆ ಬಣದ ಅಭ್ಯರ್ಥಿ ಹೀನಾಯವಾಗಿ ಸೋತದ್ದು, ಸೋತವರು ಮನೆಮನೆಗೆ ಪತ್ರ ಬರೆದು, ಚರ್ಚುಗಳಲ್ಲಿ ಜನ ಸೇರಿಸಿ, ಹದಿನಾರು ವರ್ಷ ಕಾದು ೧೯೮೦ರಲ್ಲಿ ಅಧಿಕಾರಕ್ಕೆ ಬಂದದ್ದು. ಸರ್ಕಾರ ಚಿಕ್ಕದಿರಬೇಕು, ತೆರಿಗೆ ಕಡಿಮೆ ಇರಬೇಕು, ಸೈನ್ಯ ದೊಡ್ಡದಿರಬೇಕು, ಬಡವರ ನೆರವು ಕತ್ತರಿಸಬೇಕು, ಕುಟುಂಬ ಮತ್ತು ಧರ್ಮ ಉಳಿಯಬೇಕು, ಗರ್ಭಪಾತ ಕೂಡದು. ಆಮೇಲೆ ಗಡಿಗೋಡೆ, ಆಮದು ಸುಂಕ, ತಮ್ಮ ದೇಶವೇ ಮೊದಲು. ಬರೆಯುವಾಗ ನನಗೆ ಸಿಟ್ಟು ಬಂದಿರಲಿಲ್ಲ. ನಮ್ಮ ತೆರಿಗೆ ನಮ್ಮ ಮಕ್ಕಳಿಗಿರಲಿ ಎಂದು ಅಲ್ಲಿನ ಒಬ್ಬ ತಾಯಿ ಹೇಳಿದರೆ ನಾನೇನು ಉತ್ತರ ಕೊಡಲಿ?

ನಸೀಮಾ ಮನೆಯ ಬಾಗಿಲು ತೆರೆದೇ ಇತ್ತು. ಒಳಗೆ ಹೊಲಿಗೆ ಯಂತ್ರದ ಸದ್ದು. ಗೋಡೆಗೆ ಹಗ್ಗ ಕಟ್ಟಿ ಇಪ್ಪತ್ತು ಮೂವತ್ತು ಸೀರೆ ಇಳಿಬಿಟ್ಟಿದ್ದಳು. ಒಂದೊಂದಕ್ಕೂ ಹೆಸರಿನ ಚೀಟಿ. ನನ್ನನ್ನು ನೋಡಿ ಎದ್ದು ಬಂದು ಎರಡೂ ಕೈ ಹಿಡಿದುಕೊಂಡಳು.

"ಬಾ ಅಕ್ಕಾ, ಕೂಡು. ನೋಡು, ಸುಳ್ಳು ಹೇಳಿ ಹೇಳಿ ನಿಜವಾಗ್ಲೂ ಫಾಲ್‌ನೋಳೇ ಆಗಿಬಿಟ್ಟೆ."

ನಗಲು ಹೋದಳು, ಪೂರ್ತಿ ಆಗಲಿಲ್ಲ. ನಾನು ಕಸ್ತೂರಮ್ಮನ ಸೀರೆಗಳನ್ನು ಕೊಟ್ಟೆ. ಚೀಟಿಯಲ್ಲಿ ಹೆಸರು ಬರೆದು ಪಿನ್ ಚುಚ್ಚಿದಳು.

"ಕೃತಿಕಾ ಹೆಂಗದಾಳೆ? ಮಾತ್ರೆ?"

"ಒಂದು ದಿನಾನೂ ತಪ್ಪಿಸಿಲ್ಲ."

"ಕೇಳಿದ್ಲಾ?"

"ಇಲ್ಲ. ಕೇಳ್ತಾಳೆ ಅಂತ ಅನಿಸ್ತೈತೆ. ನನ್ನ ಮುಖಾನೇ ನೋಡ್ತಿರ್ತಾಳೆ. ನಸೀಮಾ, ನೀನು ಒಂದೇ ಒಂದು ಸಲ ಬಾ. ನೀನು ಹೇಳು, ನಾನು ಪಕ್ಕದಾಗೆ ಕುಂದಿರ್ತೀನಿ."

ನಸೀಮಾ ದಾರದ ತುದಿಯನ್ನು ಹಲ್ಲಿನಿಂದ ಕಚ್ಚಿ ಕತ್ತರಿಸಿದಳು.

"ಬರಾಕ ನಂಗೇನು ಅಕ್ಕಾ. ಬಸ್ ಹತ್ತಿದ್ರೆ ಬಂದೆ. ಆದ್ರೆ ಹೇಳಿದ್ ಮ್ಯಾಲೆ ಮಗು ಒಂದ್ ವಾರ ಊಟ ಬಿಟ್ರೆ? ಶಾಲಿಗೆ ಹೋಗಲ್ಲ ಅಂದ್ರೆ? ಆಗ ನನ್ ಹಿಂದೆ ಡಾಕ್ಟರ್ ಇದ್ರು, ಮೇಡಂ ಇದ್ರು, ಶನಿವಾರ ಬ್ಯಾರೆ ಮಕ್ಕಳು ಬರೋರು. ನಂಗೂ ಐತೆ ಅಂತ ಹೇಳೋ ಇನ್ನೊಂದು ಮಗು ಇರ್ತಿತ್ತು. ಈಗ ನಾನೊಬ್ಳೇ. ಹೇಳಿ ಎದ್ದು ಬಂದ್ರೆ ಅದು ಕಲ್ಲು ಎಸೆದು ಓಡಿದಂಗೆ." ಸೂಜಿಗೆ ದಾರ ಪೋಣಿಸುತ್ತಾ, "ಆರು ಮಕ್ಕಳು ಹಂಗೇ ಉಳಿದ್ವು, ಮೂರನೇ ಹಂತಕ್ಕೆ. ಸಂಸ್ಥೆ ಮುಚ್ಚೋವಾಗ ಹೆಸರಿರೋ ಹಾಳಿ ಎಲ್ಲಾ ವಾಪಸ್ ಇಸ್ಕೊಂಡ್ರು. ಫೋನ್ ನಂಬರೂ ಅಳಿಸ್ರಿ ಅಂದ್ರು. ಅಳಿಸ್ದೆ" ಎಂದಳು.

"ಮತ್ತೆ ನಾನೇನು ಮಾಡ್ಲಿ?"

"ಅವ್ಳು ಕೇಳಾ ತನಕ ಕಾಯಿ. ಕೇಳಿದ್ ದಿನ ಸುಳ್ಳು ಹೇಳಬ್ಯಾಡ. ಅಷ್ಟೇ ನಂಗೂ ಗೊತ್ತಿರೋದು."

ಚಹಾ ಮಾಡಿ ತಂದಳು. ಲೋಟ ಕೈಗಿಡುತ್ತಾ, ಅಷ್ಟು ದಿನ ಒಳಗೇ ಇಟ್ಟುಕೊಂಡಿದ್ದ ಮಾತನ್ನು ಕೇಳುವಂತೆ ಕೇಳಿದಳು.

"ನೀನು ಓದಿದೋಳು ಅಕ್ಕಾ. ಅಮೆರಿಕದೋರು ಯಾಕ ನಿಲ್ಸಿದ್ರು? ನಮ್ ಕೆಲಸದಾಗೆ ಏನಾರ ತಪ್ಪಿತ್ತಾ?"

ಹತ್ತು ತಿಂಗಳಿಂದ ಅವಳು ಹಾಗೆ ತಿಳಿದಿದ್ದಳು. ನಾನು ಬಿಡಿಸಿ ಹೇಳಿದೆ. ಅರವತ್ತು ವರ್ಷದಿಂದ ಅಲ್ಲಿ ಒಂದು ವಿಚಾರ ಬೆಳೆದಿದೆ ಎಂದೆ. ಅದೇ ಪಕ್ಷದ ಇನ್ನೊಬ್ಬ ಅಧ್ಯಕ್ಷ ೨೦೦೩ರಲ್ಲಿ, ದೇವರ ಮೇಲಿನ ಭಕ್ತಿಯಿಂದಲೂ ಇದ್ದೀತು, ಬಡ ದೇಶಗಳ ಎಚ್‌ಐವಿ ರೋಗಿಗಳಿಗೆ ಮಾತ್ರೆ ಕೊಡಿಸುವ ಬಹುದೊಡ್ಡ ಯೋಜನೆ ಶುರುಮಾಡಿದ್ದ ಎಂದೆ. ಈಗಿನವರಿಗೆ ಹೊರದೇಶದ ಖರ್ಚೇ ಬೇಡವಾಗಿದೆ ಎಂದೆ.

"ಅಂದ್ರೆ ನಮ್ ಹೆಸರೂ ಅವ್ರಿಗೆ ಗೊತ್ತಿಲ್ಲ."

"ಇಲ್ಲ."

"ಗೊತ್ತಿದ್ದು ನಿಲ್ಸಿದ್ರೆ ಬೈಬಹುದಿತ್ತು" ಎಂದು ಮತ್ತೆ ಯಂತ್ರದ ಮುಂದೆ ಕೂತಳು.

ತಿರುಗಿ ಬರುವ ಬಸ್ಸು ಖಾಲಿಯಿತ್ತು. ನನ್ನ ವಿಷಯ ಗೊತ್ತಿರುವ, ಆಸ್ಪತ್ರೆಯವರಲ್ಲದ ಒಂದೇ ಜೀವ ಹಿಂದೆ ಉಳಿದು, ಇನ್ನೊಬ್ಬರ ಸೀರೆಗೆ ಅಂಚು ಕೂರಿಸುತ್ತಿತ್ತು. ನಾವಿರುವ ಸರಸ್ವತಿ ನಗರದಲ್ಲಿ ನನಗೆ ಪರಿಚಯದವರು ಬೇಕಾದಷ್ಟು ಜನ ಇದ್ದಾರೆ. ಹೂವು ಕೊಡುತ್ತಾರೆ, ಉಪ್ಪಿನಕಾಯಿ ಕೊಡುತ್ತಾರೆ. ಇದೊಂದನ್ನು ಹೇಳಿದರೆ ಅದೇ ಬಟ್ಟಲು ಮತ್ತೆ ನಮ್ಮ ಮನೆಗೆ ಬರುವುದಿಲ್ಲ.

ಭಾನುವಾರ ಬೆಳಗಿನ ಕೆಲಸವೆಲ್ಲ ಮುಗಿಸಿ ಹತ್ತನೆಯ ಪಾಯಿಂಟ್ ಬರೆದೆ. ೨೦೦೩ರ ಯೋಜನೆ, ೨೦೨೫ರ ತಡೆ, ಎರಡನ್ನೂ ಬರೆದೆ. ಗೈಡಿಗೆ ಅಷ್ಟು ಬೇಕಿರಲಿಲ್ಲ. ಆದರೆ ಇದನ್ನು ಹೇಳಿಕೊಳ್ಳಲು ನನಗೆ ಬೇರೆ ಜಾಗ ಇರಲಿಲ್ಲ. ಬರೆದ ಮೇಲೆ ಹಗುರವಾಯಿತು. ಆ ಹಗುರದಲ್ಲೇ ಎಡವಿದೆ. ನಾನು ಬರೆದದ್ದನ್ನು ಕೃತಿಕಾ ಗಟ್ಟಿಯಾಗಿ ಓದುವುದು, ನಾನು ಕೆಲಸ ಮಾಡುತ್ತಾ ತಪ್ಪು ಹಿಡಿಯುವುದು ನಮ್ಮ ರೂಢಿ. ಹಿಂದಿನ ಏಳು ಘಟಕವನ್ನೂ ಹಾಗೇ ತಿದ್ದಿದ್ದೆವು. ಹಾಳೆಗಳನ್ನು ಅವಳ ಕೈಗೆ ಕೊಟ್ಟು ನಾನು ಕಡಲೆಬೇಳೆ ಆರಿಸಲು ಕೂತೆ.

"ಅವ್ವಾ, ಸೋತೋರು ಹದಿನಾರು ವರ್ಷ ಏನ್ ಮಾಡಿದ್ರು?"

"ಅಲ್ಲೇ ಐತಲ್ಲ. ಪತ್ರ ಬರೆದ್ರು, ಜನ ಕೂಡಿಸಿದ್ರು."

"ಹದಿನಾರು ವರ್ಷನೂ ಪತ್ರ ಬರೆದ್ರಾ? ಪಾಪ, ಕೈ ನೋವು."

ನಾನು ನಕ್ಕೆ. ಅವಳು ತೆರಿಗೆಯನ್ನು ಓದಿದಳು, ಸೈನ್ಯವನ್ನು ಓದಿದಳು. 'ಗರ್ಭಪಾತ' ಎಂಬಲ್ಲಿ ದನಿ ತಗ್ಗಿಸಿ ದಾಟಿದಳು. ಸುಂಕ ಅಂದರೇನು ಎಂದು ಕೇಳಿ ತಿಳಿದುಕೊಂಡಳು. ಹಾಳೆ ತಿರುವಿದ ಸದ್ದಾಯಿತು.

"ಹತ್ತು. ೨೦೦೩ರಲ್ಲಿ ಇದೇ ಪಕ್ಷದ ಅಧ್ಯಕ್ಷರು ಬಡ ದೇಶಗಳ ಎಚ್‌ಐವಿ ಸೋಂಕಿತರಿಗೆ ಎಆರ್‌ಟಿ ಮಾತ್ರೆಗಳನ್ನು..."

ಆಗ ನನಗೆ ತಿಳಿಯಿತು. ಕೈಯಲ್ಲಿದ್ದ ಬೇಳೆಯನ್ನು ಮೊರಕ್ಕೆ ಬಿಟ್ಟೆ.

"ಎಆರ್‌ಟಿ" ಎಂದು ಅವಳು ಇನ್ನೊಮ್ಮೆ ಓದಿದಳು. "ನಾವು ಹೋಗೋ ಕೋಣಿ ಬಾಗಿಲ ಮ್ಯಾಲೆ ಬರ್ದೈತಲ್ಲ, ಅದೇನಾ?"

"ಹೂಂ."

ಅವಳು ಮುಂದಿನ ಸಾಲನ್ನು ಮನಸ್ಸಿನಲ್ಲೇ ಓದಿಕೊಂಡಳು. ತುಟಿಗಳು ಅಲುಗುತ್ತಿದ್ದವು. ಹೊರಗೆ ತಳ್ಳುಗಾಡಿಯವನು ಸೊಪ್ಪು ಕೂಗುತ್ತಾ ಹೋದ. ಮಹಡಿಯ ಮೇಲೆ ಕಸ್ತೂರಮ್ಮ ಯಾರಿಗೋ ಬೈಯುತ್ತಿದ್ದರು. ಓದಿ ಮುಗಿದ ಮೇಲೂ ಕೃತಿಕಾ ಹಾಳೆಯನ್ನು ಕೆಳಗಿಡಲಿಲ್ಲ. ನಾನು ಮೊರವನ್ನು ಪಕ್ಕಕ್ಕೆ ಸರಿಸಿದೆ. ಅವಳು ಎದ್ದು ಬಂದು ನನ್ನೆದುರು, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತಳು. ಈ ಸಲ ಬೆನ್ನಲ್ಲ, ಮುಖವೇ ನನ್ನ ಕಡೆಗಿತ್ತು.

"ಅವ್ವಾ, ನಂಗಿರೋದು ಎಚ್‌ಐವಿನಾ?"