ಗಾಜು ಒಡೆಯದ ಬಡಾವಣೆ

ಮನೆ ಹುಡುಕುವವರು ನೀರು ಬರುತ್ತದೆಯೇ, ಬಿಸಿಲು ಬೀಳುತ್ತದೆಯೇ, ಶಾಲೆ ಹತ್ತಿರವಿದೆಯೇ ಎಂದು ನೋಡುತ್ತಾರೆ. ಗಾಜಣ್ಣ ಕಿಟಕಿಯ ಲಪ್ಪ ನೋಡಿದ. ಗಾಜು ಚೌಕಟ್ಟಿನಿಂದ ಜಾರದ ಹಾಗೆ ಅಂಚಿಗೆ ಮೆತ್ತುತ್ತಾರಲ್ಲ, ಅದೇ ಲಪ್ಪ. ಮೆತ್ತಿದ ಹೊಸದರಲ್ಲಿ ನಾದಿದ ಹಿಟ್ಟಿನಷ್ಟು ಮೆತ್ತಗಿರುತ್ತದೆ, ಕಾಲ ಕಳೆದಂತೆ ಕಲ್ಲಾಗುತ್ತದೆ. ಹೆಬ್ಬೆರಳ ಉಗುರು ಒತ್ತಿದರೆ ಇಳಿಯಿತೋ, ಅಲ್ಲಿ ಈಚೆಗೆ ಗಾಜು ಒಡೆದಿದೆ. ಗಾಜು ಒಡೆದಿದ್ದರೆ ಕಲ್ಲು ಬಿದ್ದಿದೆ. ಕಲ್ಲು ಬಿದ್ದಿದ್ದರೆ ಅಲ್ಲಿ ರಾಜಕೀಯ ಇದೆ. ಇದು ಅವನ ಶಾಸ್ತ್ರ. ಜೀವಮಾನವೆಲ್ಲ ಗಾಜು ಕೊಯ್ದವನ ಶಾಸ್ತ್ರಕ್ಕೆ ಎದುರಾಡುವವರು ಯಾರು?

ಎದುರಾಡುವವಳು ಒಬ್ಬಳಿದ್ದಳು, ಅವನ ಮಗಳು. ಶಾಲೆಯಲ್ಲಿ ಟೀಚರು. ಅವಳ ಗಂಡ ಯಾವುದೋ ಹಡಗಿನಲ್ಲಿ ಅಡುಗೆಯವನು, ವರ್ಷಕ್ಕೊಮ್ಮೆ ಮುಖ ತೋರಿಸುವವನು. ಹಾಗಾಗಿ ಅವಳೂ ಅವಳ ಆರು ವರ್ಷದ ಮಗಳೂ ಗಾಜಣ್ಣ ಮತ್ತು ಅವನ ಹೆಂಡತಿಯ ಜೊತೆಯಲ್ಲೇ ಇದ್ದರು.

"ಜಗಳಾನೇ ಇಲ್ಲದ ಜಾಗ ಬೇಕಾ ನಿಂಗೆ? ಸ್ಮಶಾನದ ಪಕ್ಕ ನೋಡಪ್ಪಾ, ಬಾಡಿಗೇನೂ ಕಮ್ಮಿ" ಎಂದಳು.

"ಬಾಯಿ ಮುಚ್ಚು. ಕಲ್ಲು ಬಿದ್ದಿದ್ದು ನಿನ್ ಮಗಳ ಹಾಸಿಗೆ ಮೇಲೆ" ಎಂದ ಗಾಜಣ್ಣ.

ಅದು ನಿಜ. ಅವರಿದ್ದ ಹಳೆಯ ಬೀದಿಯ ಆ ಕಡೆ ಒಂದು ಪಕ್ಷ, ಈ ಕಡೆ ಒಂದು ಪಕ್ಷ. ಚುನಾವಣೆ ಬಂತೆಂದರೆ ಬೀದಿಗೆ ಜ್ವರ ಬರುತ್ತಿತ್ತು. ಬೆಳಗ್ಗೆ ಬೈಗುಳ, ಸಂಜೆ ಕಲ್ಲು, ಮಾರನೆಯ ದಿನ ಗಾಜಣ್ಣನ ಮನೆ ಮುಂದೆ ಎರಡೂ ಪಕ್ಷದವರ ಸಾಲು. ಅಲ್ಲಿಯೂ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಲೇ ಸರದಿ ಕಾಯುವರು. "ನಮ್ಮಿಬ್ಬರಲ್ಲಿ ಯಾರು ಗೆದ್ದರೂ ನೀನೇ ಗೆದ್ದ ಹಾಗಪ್ಪ" ಎಂದು ಛೇಡಿಸುವರು. ಅವನೂ ನಗುತ್ತಿದ್ದ. ಊರವರ ಗಾಜು ಒಡೆಯುತ್ತಿರುವವರೆಗೆ ಯಾರಿಗಾದರೂ ನಗು ಬರುತ್ತದೆ. ಒಂದು ಸಂಜೆ ಅವನದೇ ಕಿಟಕಿ ಒಡೆದು, ಮಲಗಿದ್ದ ಮೊಮ್ಮಗಳ ದಿಂಬಿನ ಮೇಲೆ ಚೂರುಗಳು ಬಿದ್ದವು. ಮಗುವಿಗೆ ಏನೂ ಆಗಲಿಲ್ಲ. ಬೀದಿಗೆ ಬೀದಿಯೇ ಓಡಿ ಬಂತು, ಕಲ್ಲು ಎಸೆದವನ ತಾಯಿಯೇ ಬಂದು ಮಗನಿಗೆ ಹಿಡಿಶಾಪ ಹಾಕಿದಳು. ಆದರೂ ಆ ಚೂರುಗಳನ್ನು ಆರಿಸಿ ಮುಗಿಸಿದ ರಾತ್ರಿಯೇ ಬೇರೆ ಮನೆ ಹುಡುಕಬೇಕೆಂದು ಅವನು ತೀರ್ಮಾನಿಸಿದ.

ಹೀಗೆ ಉಗುರು ಒತ್ತುತ್ತ ಒತ್ತುತ್ತ ಅವನು ಊರಿನ ಆಚೆಯ ತುದಿಯ ಈ ಬಡಾವಣೆಗೆ ಬಂದ. ಗೋಡೆಗಳ ಮೇಲೆ ಒಂದು ಘೋಷಣೆ ಇಲ್ಲ. ಬೀದಿ ಅಂಗೈಯಷ್ಟು ಸ್ವಚ್ಛ. ಯಾವ ಕಿಟಕಿಯ ಲಪ್ಪಕ್ಕೆ ಉಗುರು ಒತ್ತಿದರೂ ಉಗುರೇ ಮುರಿಯಬೇಕು, ಹಾಗಿತ್ತು. ಇಲ್ಲಿ ಕಲ್ಲು ಬಿದ್ದು ಒಂದು ತಲೆಮಾರೇ ಕಳೆದಿದೆ ಎಂದುಕೊಂಡ. ಬಡಾವಣೆಯ ಸಂಘದ ಕಾರ್ಯದರ್ಶಿ ಮೆಲುದನಿಯ ಮನುಷ್ಯ, ಬೈದರೂ ಹರಸಿದ ಹಾಗೆ ಕೇಳಿಸಬೇಕು. ಖಾಲಿ ಮನೆಗಾಗಿ ಬಂದಿದ್ದ ಬೇರೆಯವರನ್ನು ಬಿಟ್ಟು, "ನಿಮ್ಮ ಕೆಲಸ ಏನಂದ್ರಿ? ಗಾಜಾ? ಒಳ್ಳೇದಾಯ್ತು ಯಜಮಾನ್ರೇ" ಎಂದು ಬೀಗದ ಕೈ ಕೊಟ್ಟೇಬಿಟ್ಟ. ಗಾಜಣ್ಣನಿಗೆ ಸ್ವರ್ಗ ಮೂರೇ ಗೇಣು. ತನಗೆ ಸಿಕ್ಕ ಮನೆಯ ಕಿಟಕಿಯ ಲಪ್ಪ ನೋಡುವುದನ್ನೇ ಮರೆತ.

ಎದುರು ಮನೆಯಲ್ಲಿ ಒಬ್ಬ ದರ್ಜಿ, ಹೆಂಡತಿ ತೀರಿಹೋಗಿ ಒಬ್ಬನೇ ಇದ್ದವನು. ಬೀದಿ ಬದಿಯ ದೊಡ್ಡ ಕಿಟಕಿಯ ಹಿಂದೆ ಅವನ ಹೊಲಿಗೆ ಯಂತ್ರ. ಗಾಜಣ್ಣನ ಮೊಮ್ಮಗಳು ಶಾಲೆ ಬಿಟ್ಟ ಕೂಡಲೇ ಆ ಕಿಟಕಿಗೆ ಮೂಗು ಒತ್ತಿಕೊಂಡು ನಿಲ್ಲುವಳು. ಉಳಿದ ತುಂಡು ಬಟ್ಟೆಯಲ್ಲಿ ಅವನು ಅವಳ ಗೊಂಬೆಗೆ ಅಂಗಿ ಹೊಲಿದುಕೊಡುವನು, ಗಿರಾಕಿಗೆ ಮಾಡುವ ಹಾಗೇ ಟೇಪು ಹಿಡಿದು ಗೊಂಬೆಯ ಸೊಂಟದ ಅಳತೆ ತೆಗೆದು, "ಅಮ್ಮಾವ್ರು ಈಚೆಗೆ ದಪ್ಪ ಆಗಿದಾರೆ" ಎಂದು ಗಂಭೀರವಾಗಿ ಹೇಳುವನು. ಮಗು ಬಿದ್ದು ಬಿದ್ದು ನಗುತ್ತಿತ್ತು.

ಚುನಾವಣೆ ಹತ್ತಿರವಾಯಿತು. ಸಂಘದ ಸಭಾಂಗಣದಲ್ಲಿ ಒಂದು ಪಕ್ಷದ ಅಭ್ಯರ್ಥಿ ಬಂದು ಮಾತಾಡಿ ಹೋದ. ಎಲ್ಲರೂ ಚಪ್ಪಾಳೆ ತಟ್ಟಿದರು. ಇನ್ನೇನು ಏಳಬೇಕು, ದರ್ಜಿ ಎದ್ದು ನಿಂತು, "ಆ ಇನ್ನೊಬ್ಬ ಅಭ್ಯರ್ಥೀನೂ ಒಂದಿನ ಕರೀಬಹುದಲ್ವಾ? ವೋಟು ಹಾಕ್ತೀವೋ ಬಿಡ್ತೀವೋ, ಕೇಳೋಕೇನು ಕಷ್ಟ?" ಎಂದ.

ಎಲ್ಲರ ಮುಖ ಕಾರ್ಯದರ್ಶಿಯ ಕಡೆ ತಿರುಗಿತು. ಕಾರ್ಯದರ್ಶಿ ನಕ್ಕು, "ನೋಡೋಣ, ನೋಡೋಣ" ಎಂದ. ಎಲ್ಲರೂ ಟೀ ಕುಡಿದು ಮನೆಗೆ ಹೋದರು. ಗಾಜಣ್ಣನಿಗೆ ಹಾಲು ಕುಡಿದಷ್ಟು ಸಂತೋಷ. "ನೋಡಿದ್ಯಾ? ನಮ್ಮ ಹಳೇ ಬೀದಿ ಆಗಿದ್ರೆ ಅಷ್ಟು ಹೊತ್ತಿಗೆ ಕುರ್ಚಿ ಹಾರಾಡ್ತಿತ್ತು" ಎಂದು ಮಗಳಿಗೆ ಹೇಳಿದ.

"ಇಲ್ಲಿ ಒಂದು ಕುರ್ಚೀನೂ ಅಲುಗಲಿಲ್ವಲ್ಲಪ್ಪಾ, ಅದಕ್ಕೇ ನನಗೆ ಭಯ ಆಗಿದ್ದು" ಎಂದಳು ಅವಳು.

ಎರಡು ದಿನ ಬಿಟ್ಟು ಕಾರ್ಯದರ್ಶಿ ಗಾಜಣ್ಣನ ಮನೆಗೇ ಬಂದ. ಚಪ್ಪಲಿ ಹೊರಗೆ ಬಿಟ್ಟು, ಮೊಮ್ಮಗಳ ತಲೆ ಸವರಿ, ಕುರ್ಚಿಯ ತುದಿಯಲ್ಲಿ ಕೂತ.

"ಎದುರು ಮನೆ ಮುಂದಿನ ಕಿಟಕಿಗಳಿಗೆ ಗಾಜು ಕೊಯ್ದಿಡಬೇಕಲ್ಲಾ ಯಜಮಾನ್ರೇ. ಶನಿವಾರದೊಳಗೆ."

"ಆ ಗಾಜೆಲ್ಲ ಚೆನ್ನಾಗೇ ಇವೆಯಲ್ಲಾ ಸಾರ್?"

"ಈಗ ಇವೆ" ಎಂದ ಕಾರ್ಯದರ್ಶಿ.

ಗಾಜಣ್ಣನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟರಲ್ಲಿ ಆ ಮೆಲುದನಿ ಮುಂದುವರಿದಿತ್ತು. "ಭಾನುವಾರ ಬೆಳಗ್ಗೆ ಅಂದ್ರೆ ಹೊಸ ಗಾಜು ಕೂತಿರಬೇಕು. ಲಪ್ಪಕ್ಕೆ ಸೀಸದ ಪುಡಿ ಬೆರೆಸಿ, ಬೇಗ ಗಟ್ಟಿಯಾಗತ್ತೆ. ಸ್ವಲ್ಪ ದೀಪದ ಮಸಿ ಹಾಕಿ, ಹಳೇದರ ಹಾಗೆ ಕಾಣತ್ತೆ. ನಿಮಗಿಂತ ಮುಂಚೆ ಇದ್ದವರು ಹಾಗೇ ಮಾಡ್ತಿದ್ರು. ಪಾಪ, ಆಮೇಲಾಮೇಲೆ ಅವರಿಗೆ ಮನಸ್ಸು ನಿಲ್ಲಲಿಲ್ಲ. ಅವರು ಹೋದ್ಮೇಲೆ ನಮಗೆ ಒಬ್ಬ ಗಾಜಿನವರು ಬೇಕೇ ಬೇಕಿತ್ತು. ನೀವಾಗಿ ಬಂದ್ರಿ."

ಬೀದಿ ಬೀದಿ ಅಲೆದು, ಊರನ್ನೆಲ್ಲ ಅಳೆದು ಸುರಿದು ಈ ಜಾಗವನ್ನು ತಾನು ಆರಿಸಿದೆ ಎಂದುಕೊಂಡಿದ್ದ ಗಾಜಣ್ಣ. ಆರಿಸಿದ್ದು ಅವರು. ಅವನ ಉಗುರಿಗೆ ಕಲ್ಲಿನಂತೆ ತಾಗಿದ್ದ ಒಂದೊಂದು ಲಪ್ಪದ ಹಿಂದೆ ಯಾರು ಇದ್ದರೋ, ಏನಾದರೋ.

"ಇದು ನನ್ನ ಕೈಲಿ..." ಎಂದು ಶುರು ಮಾಡಿದ.

"ನಿಮ್ಮ ಮಗಳು ಅವತ್ತು ದರ್ಜಿ ಮಾತಿಗೆ ತಲೆ ಆಡಿಸಿದ್ರು ಅಂತ ಯಾರೋ ಅಂದ್ರು. ನಾನು ನಂಬಲಿಲ್ಲ" ಎಂದು ಕಾರ್ಯದರ್ಶಿ ಎದ್ದು ನಿಂತ. "ಟೀಚರಮ್ಮ ಒಳ್ಳೆಯವರು." ಮತ್ತೊಮ್ಮೆ ಮಗುವಿನ ತಲೆ ಸವರಿ, ಚಪ್ಪಲಿ ಮೆಟ್ಟಿಕೊಂಡು ಹೋದ.

ಮಾರನೆಯ ಮಧ್ಯಾಹ್ನ ಗಾಜಣ್ಣ ಬೀದಿ ದಾಟಿದ. ಹೇಳಿಬಿಡಬೇಕೆಂದೇ ದಾಟಿದ್ದ. ಆದರೆ ದರ್ಜಿಯ ಕಿಟಕಿಯ ಮುಂದೆ ನಿಂತಾಗ ನಾಲಿಗೆ ಏಳಲಿಲ್ಲ. ಹಾಳು ಕಣ್ಣು ಮಾತ್ರ ತನ್ನ ಪಾಡಿಗೆ ಅಗಲ ಎಷ್ಟು, ಉದ್ದ ಎಷ್ಟು ಎಂದು ನೋಡತೊಡಗಿತು. ದರ್ಜಿ ಯಂತ್ರ ತುಳಿಯುವುದನ್ನು ನಿಲ್ಲಿಸಿದ.

"ಅಳತೆ ತಗೋತಿದೀರಾ ಗಾಜಣ್ಣ?"

"ಇಲ್ಲಪ್ಪಾ, ಸುಮ್ನೆ..."

"ನಂದೂ ಅಳತೆ ಕಸುಬೇ. ಕಣ್ಣಲ್ಲಿ ಅಳೆಯೋರು ನನಗೆ ಗೊತ್ತಾಗಲ್ವಾ?" ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಗಾಜಣ್ಣನಿಗೆ ತಡೆಯಲಾಗಲಿಲ್ಲ. ದರ್ಜಿ ಮುಂದುವರಿಸಿದ, "ನಿಮಗಿಂತ ಮುಂಚೆ ಆ ಮನೇಲಿದ್ದ ಗಾಜಿನವರು ಹೀಗೇ ಸುಮಾರು ಮನೆ ಮುಂದೆ ನಿಂತಿದ್ರು. ಕೊನೆಗೆ ಒಂದು ಮನೇದು ಮಾತ್ರ ಅಳತೆ ತಗೊಳ್ಳಲ್ಲ ಅಂದ್ರು. ಅವತ್ತು ಅವರ ಕಿಟಕಿಗೇ ಕಲ್ಲು ಬಿತ್ತು. ನಾನು ಇಲ್ಲೇ ಕೂತಿದ್ದೆ. ಪರದೆ ಎಳ್ಕೊಂಡೆ, ದೀಪ ಆರಿಸಿದೆ."

"ಎಲ್ಲಾದರೂ ಹೊರಟು ಹೋಗಪ್ಪಾ. ಇವತ್ತೇ ಹೋಗು" ಎಂದ ಗಾಜಣ್ಣ. ಕೊನೆಗೂ ಬಾಯಿ ಬಂದಿತ್ತು.

"ಸಭೇಲಿ ಎದ್ದು ನಿಂತಾಗಲೇ ಗೊತ್ತಿತ್ತು ನನಗೆ. ಆ ಪರದೆ ಎಳ್ಕೊಂಡಾಗಿಂದ ನಿದ್ದೆ ಬಂದಿಲ್ಲ ಗಾಜಣ್ಣ. ಒಂದ್ ಸಲ ಆದ್ರೂ ಮಾತಾಡಿ ನೋಡೋಣ ಅನ್ನಿಸ್ತು." ಯಂತ್ರದ ಕೆಳಗಿದ್ದ ಪುಟಾಣಿ ಅಂಗಿಯ ನೂಲು ಕತ್ತರಿಸಿ ಕೈಗಿಟ್ಟ. "ಅಮ್ಮಾವ್ರಿಗೆ ಕೊಡಿ. ಗುಂಡಿ ನಾಳೆ ಹಚ್ತೀನಿ ಅಂದಿದ್ದೆ, ಹಾಗೇ ತಗೊಂಡು ಹೋಗಿ."

ಗಾಜಣ್ಣ ಗಾಜು ಕೊಯ್ದ. ಇದನ್ನು ಮುಚ್ಚಿಡುವುದು ಬೇಡ, ಕೊಯ್ದ. ಮೊಮ್ಮಗಳ ದಿಂಬನ್ನು ನೆನೆಸಿಕೊಂಡು ಕೊಯ್ದ. ಯಾವತ್ತೂ ಒಂದೇ ಗೀಟಿಗೆ ಮುರಿಯುತ್ತಿದ್ದ ಗಾಜು ಅವತ್ತು ಎರಡು ಸಲ ಅಡ್ಡಾದಿಡ್ಡಿ ಸೀಳಿತು. ಅವನ ಹೆಂಡತಿ ಬಾಗಿಲಲ್ಲಿ ನಿಂತು ನೋಡಿ, "ಯಾರ ಮನೇದ್ರೀ?" ಎಂದು ಕೇಳಿದಳು. ಅವನು ಇನ್ನೊಂದು ಗಾಜು ಎಳೆದುಕೊಂಡು ಗೀಟು ಹಾಕಿದ.

ಶನಿವಾರ ಮುಸ್ಸಂಜೆ ಬೀದಿಯ ಪರದೆಗಳೆಲ್ಲ ಒಂದೊಂದಾಗಿ ಮುಚ್ಚಿಕೊಂಡವು. ಏಳೆಂಟು ಜನ ಬಂದರು. ಕೂಗಿಲ್ಲ, ಘೋಷಣೆ ಇಲ್ಲ. ಹಳೇ ಬೀದಿಯ ಹುಡುಗರು ಕುಡಿದು, ಕಿರುಚಿ, ಅರ್ಧ ಕಲ್ಲು ಗುರಿ ತಪ್ಪಿ ಎಸೆಯುತ್ತಿದ್ದರು. ಇವರು ಕೆಲಸಕ್ಕೆ ಬಂದವರ ಹಾಗೆ ಎಸೆದರು, ಒಂದೂ ತಪ್ಪಲಿಲ್ಲ. ಮೊದಲ ಗಾಜು ಒಡೆದ ಸದ್ದಿಗೇ ಮಗಳು ಬಾಗಿಲಿಗೆ ಓಡಿದಳು. ಗಾಜಣ್ಣ ಅಗುಳಿ ಹಾಕಿ ಬೆನ್ನು ಕೊಟ್ಟು ನಿಂತ.

"ಬಿಡಪ್ಪಾ! ಅಲ್ಲಿ ಒಬ್ಬರೇ ಇದಾರೆ!"

"ಒಳಗೆ ಮಗು ಇದೆ ಕಣೇ."

"ಅದಕ್ಕೇ ಬಿಡು ಅಂತಿರೋದು! ನಾಳೆ ಅವಳಿಗೆ ಏನಂತ ಹೇಳ್ಲಿ?" ಅವಳು ಎದೆಗೆ ಗುದ್ದಿದಳು, ಅಂಗಿ ಹಿಡಿದು ಎಳೆದಳು. ಅವನು ಕದಲಲಿಲ್ಲ. ಹೊರಗೆ ಒಂದು ವ್ಯಾನು ಬಂದು ನಿಂತ ಸದ್ದು, ಅದರ ಬಾಗಿಲು ಜಾರಿದ ಸದ್ದು, ಆಮೇಲೆ ಅದು ಹೋದ ಸದ್ದು. ದರ್ಜಿಯ ದನಿ ಒಂದು ಸಲವೂ ಕೇಳಲಿಲ್ಲ. ಬೀದಿಯಲ್ಲಿ ಯಾರೂ ಬಾಗಿಲು ತೆರೆಯಲಿಲ್ಲ.

ಬೆಳಗಾಗುವಾಗ ಮಗಳ ಚೀಲ ಸಿದ್ಧವಾಗಿತ್ತು. "ನಾವು ಹಳೇ ಬೀದಿಗೇ ಹೋಗ್ತೀವಿ" ಎಂದಳು. "ಅಲ್ಲಿ ಕಲ್ಲು ಬಿದ್ದರೆ ಯಾರಾದರೂ ಅಯ್ಯೋ ಅಂತಾರೆ." ಹೆಂಡತಿಯೂ ತನ್ನ ಬಟ್ಟೆ ಗಂಟು ಕಟ್ಟಿಕೊಂಡಿದ್ದಳು. "ನೀವೂ ಬನ್ರೀ" ಎಂದಳು. ಅವನೂ ಹೊರಡುವವನೇ, ಸಾಮಾನಿನ ಪೆಟ್ಟಿಗೆ ಎತ್ತಿಕೊಂಡಿದ್ದ. ಗೇಟಿನ ಬಳಿ ಕಾರ್ಯದರ್ಶಿ ನಿಂತಿದ್ದ.

"ಟೀಚರಮ್ಮ ಹೊರಟ್ರಾ? ಹೋಗಿ ಬರಲಿ, ಹೋಗಿ ಬರಲಿ. ಅಲ್ಲಿ ಹೋಗಿ ಇಲ್ಲಿಯ ಸುದ್ದಿ ಯಾಕೆ ಹೇಳ್ತಾರೆ, ನೀವು ಇಲ್ಲೇ ಇರ್ತೀರಲ್ಲ" ಎಂದ.

ಗಾಜಣ್ಣ ಪೆಟ್ಟಿಗೆಯನ್ನು ಕೆಳಗಿಟ್ಟ. "ಇರ್ತೀನಿ ಸಾರ್."

ಮಗಳು ಅವನತ್ತ ನೋಡಿದಳು. ಹಿಂದಿನ ಸಂಜೆಯಿಂದ ಅವಳು ಅವನ ಮುಖ ನೋಡಿದ್ದು ಅದೇ ಮೊದಲು. ಮೊಮ್ಮಗಳು ಗುಂಡಿಯಿಲ್ಲದ ಅಂಗಿ ತೊಟ್ಟ ಗೊಂಬೆಯ ಕೈ ಎತ್ತಿ ಟಾಟಾ ಮಾಡಿಸಿ, "ತಾತ, ದರ್ಜಿ ಮಾಮ ಎದ್ದಿಲ್ವಾ ಇನ್ನೂ?" ಎಂದಳು. ಅಜ್ಜಿ ಅವಳನ್ನು ಎಳೆದುಕೊಂಡು ಹೋದಳು. ಬೀದಿಯ ತಿರುವಿನಲ್ಲಿ ಅವರು ಕಾಣದಾಗುವವರೆಗೂ ಗಾಜಣ್ಣ ನಿಂತಿದ್ದ. ಅವನಿಗೆ ಅಳು ಬಂತು, ಅಲ್ಲೇ, ಕಾರ್ಯದರ್ಶಿಯ ಎದುರಿಗೇ ಅತ್ತ.

ಆಮೇಲೆ ಎದುರು ಮನೆಗೆ ಹೋಗಿ ಲಪ್ಪ ನಾದಲು ಕೂತ. ಹೊಲಿಗೆ ಯಂತ್ರದ ಮೇಲೆಲ್ಲ ಚೂರುಗಳು. ಲಪ್ಪಕ್ಕೆ ಮಸಿ ಬೆರೆಸಿದ. ಬಣ್ಣ ಹಳೆಯದರ ಹಾಗೇ ಬಂತು. ಸೀಸದ ಪುಡಿಯ ಡಬ್ಬಿ ಪಕ್ಕದಲ್ಲೇ ಇತ್ತು. ಅದನ್ನು ತೆರೆಯಲಿಲ್ಲ. ಮೆತ್ತಗೇ ಇರಲಿ ಎಂದುಕೊಂಡ. ಮುಂದೆ ಈ ಮನೆ ನೋಡಲು ಬಂದವನು ಒಂದು ಸಲ, ಒಂದೇ ಒಂದು ಸಲ ಬೆರಳು ಒತ್ತಿ ನೋಡಿದರೆ ಸಾಕು, ಗೊತ್ತಾಗುತ್ತದೆ.

ಬಂದವರು ಗಂಡ ಹೆಂಡತಿ, ಸೊಂಟದ ಮೇಲೊಂದು ಮಗು. ಮರುದಿನವೇ ಬಂದರು. ಗಂಡ ನಲ್ಲಿ ತಿರುಗಿಸಿ ನೀರು ನೋಡಿದ, ಹೆಂಡತಿ ಬಿಸಿಲು ಎಲ್ಲಿಯವರೆಗೆ ಬೀಳುತ್ತದೆ ಎಂದು ನೋಡಿದಳು. ಗಾಜಣ್ಣ ಕಿಟಕಿ ಒರೆಸುವ ನೆಪದಲ್ಲಿ ಪಕ್ಕದಲ್ಲೇ ನಿಂತಿದ್ದ. ಮುಟ್ಟು, ಮಾರಾಯ, ಮುಟ್ಟು ಎಂದು ಒಳಗೊಳಗೇ ಗೋಗರೆಯುತ್ತಿದ್ದ. ಗಾಜಿನವರಲ್ಲದವರು ಯಾರಾದರೂ ಲಪ್ಪ ಮುಟ್ಟುತ್ತಾರೆಯೇ? ಆ ಗಂಡ ಹೊಸ ಗಾಜಿನಲ್ಲಿ ತನ್ನ ತಲೆಗೂದಲು ಸರಿಮಾಡಿಕೊಂಡ.

"ನಾವಿದ್ದ ಕಡೆ ಬರೀ ಗಲಾಟೆ" ಎಂದ ಅವನು, ಗಾಜಣ್ಣನ ಕಡೆ ತಿರುಗಿ. "ಇಲ್ಲಿ ಹೆಂಗೆ ಹಿರಿಯರೇ?"

ಕಾರ್ಯದರ್ಶಿ ಮುಗುಳ್ನಗುತ್ತ ಗಾಜಣ್ಣನನ್ನೇ ನೋಡುತ್ತಿದ್ದ. ಗಾಜಣ್ಣನ ಕಣ್ಣ ಮುಂದೆ ಮೊಮ್ಮಗಳ ದಿಂಬು ಬಂತು. "ಗಲಾಟೆ ಇಲ್ಲ" ಎಂದ. ಅದು ಸುಳ್ಳೂ ಅಲ್ಲ.

ಅಷ್ಟರಲ್ಲಿ ಸೊಂಟದ ಮೇಲಿನ ಮಗು ಬಗ್ಗಿ, ಕಿಟಕಿಯ ಅಂಚಿಗೆ ಬೆರಳು ಚುಚ್ಚಿತು. ಬೆರಳು ಒಳಗೆ ಇಳಿಯಿತು. ಮಗು ಕೇಕೆ ಹಾಕಿ ಇನ್ನೊಂದು ಸಲ ಚುಚ್ಚಿತು.

"ಥೂ, ಕೊಳೆ! ಮಸಿ ಎಲ್ಲಾ ಕೈಗೆ" ಎಂದು ತಾಯಿ ಸೆರಗಿನಲ್ಲಿ ಮಗುವಿನ ಬೆರಳು ಒರೆಸಿದಳು. ಒರೆಸಿ, "ಮನೆ ಚೆನ್ನಾಗಿದೆ ಕಣ್ರೀ, ಇದನ್ನೇ ತಗೊಳ್ಳೋಣ" ಎಂದು ಗಂಡನಿಗೆ ಹೇಳಿದಳು.

ಅವರು ಬೀಗದ ಕೈ ಇಸಿದುಕೊಂಡು ಒಳಗಿನ ಕೋಣೆ ನೋಡಲು ಹೋದರು. ಕಾರ್ಯದರ್ಶಿ ಕಿಟಕಿಯ ಹತ್ತಿರ ಬಂದು, ಲಪ್ಪದ ಮೇಲೆ ಮೂಡಿದ್ದ ಆ ಎರಡು ಪುಟ್ಟ ಗುಳಿಗಳನ್ನು ಬಹಳ ಹೊತ್ತು ನೋಡಿದ. ತನ್ನ ಹೆಬ್ಬೆರಳನ್ನೂ ಒಮ್ಮೆ ಒತ್ತಿ ನೋಡಿದ. ಗಾಜಣ್ಣ ಮಗಳು ಹೋದ ಹಾದಿಯನ್ನು ಲೆಕ್ಕ ಹಾಕಿದ. ನಿನ್ನೆಯೇ ಹಳೇ ಬೀದಿ ಸೇರಿ, ನೆರೆಹೊರೆಯವರೆಲ್ಲ ಸುತ್ತ ನಿಂತು, ಆ ಪಕ್ಷ ಈ ಪಕ್ಷ ಎಂದು ಬೈದಾಡಿಕೊಳ್ಳುತ್ತಲೇ ಅವಳ ಸಾಮಾನು ಇಳಿಸಿ ಮುಗಿಸಿರಬೇಕು.

ಕಾರ್ಯದರ್ಶಿ ಬೆರಳನ್ನು ಕರವಸ್ತ್ರಕ್ಕೆ ಒರೆಸಿಕೊಂಡ.

"ನಿಮ್ಮ ಮನೆ ಮುಂದಿನ ಕಿಟಕಿ ಅಳತೆ ಎಷ್ಟು ಯಜಮಾನ್ರೇ?" ಎಂದು ಅದೇ ಮೆಲುದನಿಯಲ್ಲಿ ಕೇಳಿದ.

ಗಾಜಣ್ಣನಿಗೆ ಅದು ಬಾಯಿಪಾಠ ಇತ್ತು. ಹೇಳಿದ.